ಎರಡು ಹೊಳೆಗಳ ನಡುವಣ ಪೇಟೆ

ನದಿಯ ದಡದಲ್ಲಿ ಊರು ಕಟ್ಟುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ಕುಡಿಯುವುದಕ್ಕೆ, ಬೆಳೆ ತೆಗೆಯುವುದಕ್ಕೆ, ಸರಕು ಸಾಗಿಸುವುದಕ್ಕೆ, ದೇವರ ಸೇವೆಗೆ, ಎಲ್ಲಕ್ಕೂ ನೀರು ಬೇಕು. ಊರು ಸಣ್ಣದಾಗಿರುವಷ್ಟು ಕಾಲ ನದಿಯೊಡನೆ ಅದು ನಡೆಸುವ ವ್ಯವಹಾರವೂ ಸಣ್ಣದಾಗಿರುತ್ತದೆ. ಊರು ಪೇಟೆಯಾಗಿ, ಪೇಟೆಯು ಪಟ್ಟಣವಾಗಲು ತೊಡಗಿದಾಗ ಈ ವ್ಯವಹಾರದ ಲೆಕ್ಕ ತೊಡಕಾಗುತ್ತದೆ. ಆ ತೊಡಕು ಎಂಥದು, ಅದನ್ನು ಬಿಡಿಸುವ ದಾರಿ ಯಾವುದು ಎಂಬುದನ್ನು ದಕ್ಷಿಣ ಕನ್ನಡ ಜಿಲ್ಲೆಯ ಒಂದು ಚಿಕ್ಕ ಪ್ರದೇಶವನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಮಾಡೋಣ.

ಆ ಪ್ರದೇಶವು ಉಪ್ಪಿನಂಗಡಿ ಪೇಟೆ ಮತ್ತು ಅದರ ಬೆನ್ನಿಗಿರುವ ಕೊಯಿಲ, ರಾಮಕುಂಜ ಮೊದಲಾದ ಗ್ರಾಮಗಳು. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಧರ್ಮಸ್ಥಳದ ಬದಿಯಿಂದ ಇಳಿದುಬರುವ ನೇತ್ರಾವತಿಯು ಒಂದು ಕಡೆ. ಸುಬ್ರಹ್ಮಣ್ಯದ ಮೇಲಣ ಪುಷ್ಪಗಿರಿಯ ಸೀಮೆಯಿಂದ ಹರಿದುಬರುವ ಕುಮಾರಧಾರೆಯು ಇನ್ನೊಂದು ಕಡೆ. ಎರಡೂ ಉಪ್ಪಿನಂಗಡಿಯಲ್ಲಿ ಕೂಡಿ, ಅಲ್ಲಿಂದ ಮುಂದೆ ನೇತ್ರಾವತಿಯೆಂಬ ಒಂದೇ ಹೆಸರಿನಿಂದ ಬಂಟ್ವಾಳ, ಪಾಣೆಮಂಗಳೂರು, ತುಂಬೆಗಳನ್ನು ದಾಟಿ ಮಂಗಳೂರಿನ ಬಳಿ ಕಡಲನ್ನು ಸೇರುತ್ತವೆ. ಕೂಡುವುದಕ್ಕೆ ಮೊದಲು ಇವೆರಡರ ನಡುವೆ ನಾಲಗೆಯಂತೆ ಚಾಚಿಕೊಂಡ ನೆಲವುಂಟು. ಆ ನಾಲಗೆಯ ತುದಿಯಲ್ಲಿ ಸಹಸ್ರಲಿಂಗೇಶ್ವರನ ದೇವಾಲಯ. ಅದರ ಹಿಂದೆ ಪೇಟೆ. ಇನ್ನೂ ಹಿಂದಕ್ಕೆ ಹೋದರೆ ಕಡಬದ ರಸ್ತೆಯಲ್ಲಿ ಕೊಯಿಲ. ಪೇಟೆಯು ಪುತ್ತೂರಿನಿಂದ ಸುಮಾರು 12 ಕಿಲೋಮೀಟರು, ಮಂಗಳೂರಿನಿಂದ ಸುಮಾರು 50 ಕಿಲೋಮೀಟರು ದೂರದಲ್ಲಿದೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಕೊಯಿಲವು ಈಗ ಹೊಸದಾದ ಕಡಬ ತಾಲ್ಲೂಕಿನ ಗ್ರಾಮ.

ತುಳುವರು ಉಪ್ಪಿನಂಗಡಿಯನ್ನು ಉಬಾರ್ ಎಂದು ಕರೆಯುತ್ತಾರೆ. ಕನ್ನಡದ ಹೆಸರು ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಕಡಲ ತೀರದ ಉಪ್ಪಿಗೆ ಘಟ್ಟದ ಮೇಲೆ ಎಂದೂ ಬೇಡಿಕೆಯಿದ್ದಿತು. ಘಟ್ಟದ ಸರಕಿಗೆ ಕಡಲ ತೀರದಲ್ಲಿ ಬೇಡಿಕೆಯಿದ್ದಿತು. ಇವೆರಡೂ ಕೈ ಬದಲಾಯಿಸುವ ಸ್ಥಳಗಳು ಘಟ್ಟದ ಬುಡದ ಪೇಟೆಗಳಾದುವು. ದೋಣಿಯ ಕಾಲ ಕಳೆದು ಗಾಡಿಯ ಕಾಲ, ಗಾಡಿಯ ಕಾಲ ಕಳೆದು ಲಾರಿಯ ಕಾಲ ಬಂದರೂ ಸ್ಥಳದ ಮಹತ್ವ ಕುಂದಲಿಲ್ಲ. ಮಂಗಳೂರಿನಿಂದ ಶಿರಾಡಿ ಘಾಟಿಯನ್ನೇರಿ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಈ ಪೇಟೆಯನ್ನು ಹಾದುಹೋಗುತ್ತದೆ. ಪುತ್ತೂರಿನ ಕಡೆಯಿಂದ ಬರುವವರು ನೆಕ್ಕಿಲಾಡಿಯ ಬಳಿ ಕುಮಾರಧಾರೆಯ ಸೇತುವೆಯನ್ನು ದಾಟಿ ಪೇಟೆಗೆ ಸೇರುತ್ತಾರೆ. ಬೆಳ್ತಂಗಡಿಯ ಕಡೆಗೆ ಹೋಗುವವರು ನೇತ್ರಾವತಿಯ ಸೇತುವೆಯನ್ನು ದಾಟಿ ಹೊರಡುತ್ತಾರೆ. ಹಾಸನ ಮಂಗಳೂರು ರೈಲು ಮಾರ್ಗವು 1979ರಲ್ಲಿ ಪೂರ್ಣವಾದಾಗ ಪುತ್ತೂರಿಗೂ ಸುಬ್ರಹ್ಮಣ್ಯದ ಕಡೆಗೂ ನಿಲ್ದಾಣಗಳು ದೊರೆತುವು, ಉಪ್ಪಿನಂಗಡಿಗೆ ದೊರೆಯಲಿಲ್ಲ. ಆದರೂ ಪೇಟೆ ಬೆಳೆಯಿತು. ಅದನ್ನು ಬೆಳೆಸಿದ್ದು ರಸ್ತೆ.

ರಸ್ತೆಯ ಬೆಲೆ ಎಷ್ಟೆಂಬುದನ್ನು ಈ ಸೀಮೆಯಲ್ಲಿ ಅಳೆಯಬೇಕಾದರೆ ಸೇತುವೆಗಳನ್ನು ನೋಡಬೇಕು. ಉಪ್ಪಿನಂಗಡಿಯಿಂದ ಕೊಯಿಲ, ಆಲಂಕಾರುಗಳ ಮೇಲೆ ಕಡಬಕ್ಕೆ ಹೋಗುವ ದಾರಿಯಲ್ಲಿ ಹೊಸಮಠ ಎಂಬಲ್ಲಿ ಗುಂಡ್ಯ ಹೊಳೆಗೆ ಬಹುಕಾಲ ತಗ್ಗಾದ ಮುಳುಗು ಸೇತುವೆಯೊಂದಿದ್ದಿತು. ಮಳೆ ಬಲವಾಗಿ ಹಿಡಿದ ದಿನ ಹೊಳೆ ಸೇತುವೆಯ ಮೇಲೆ ಹರಿಯುವುದು; ಈಚೆಯವರು ಈಚೆ, ಆಚೆಯವರು ಆಚೆ ನಿಲ್ಲುವುದು. ಶಾಲೆಗೆ ಹೋದ ಮಕ್ಕಳು ಮರಳಿ ಬರಲಾರದೆ, ರೋಗಿಗಳು ಆಸ್ಪತ್ರೆ ಸೇರಲಾರದೆ ಕಾಯಬೇಕಾಗುತ್ತಿದ್ದಿತು. ಎತ್ತರದ ಹೊಸ ಸೇತುವೆಯಾದ ಮೇಲೆ ಈ ತಾಪತ್ರಯ ತಪ್ಪಿತು. ಆಲಂಕಾರಿನ ಹತ್ತಿರ ಶಾಂತಿಮೊಗರಿನಲ್ಲಿ ಕುಮಾರಧಾರೆಗೂ ಸೇತುವೆಯಾಯಿತು. ಹೀಗೆ ಒಂದೊಂದು ಸೇತುವೆಯಾದಂತೆಲ್ಲ ಹತ್ತಾರು ಗ್ರಾಮಗಳ ಅಡಕೆ, ರಬ್ಬರು, ಹಾಲು, ಜನ ಎಲ್ಲವೂ ಪೇಟೆಗೆ ಸಮೀಪವಾದುವು. ಕೊಯಿಲದಲ್ಲಿ ಪಶುಸಂಗೋಪನಾ ಇಲಾಖೆಯ ನೂರಾರು ಎಕರೆಯ ಜಾನುವಾರು ಕ್ಷೇತ್ರವುಂಟು. ಪಶುವೈದ್ಯಕೀಯ ಕಾಲೇಜಿಗೆ ಜಾಗ ಕೊಟ್ಟದ್ದೂ ಅದೇ ನೆಲದಲ್ಲಿ. ಹುಲ್ಲುಗಾವಲು, ಕಾಲೇಜು, ಕ್ರಯವಿಕ್ರಯ, ವಾಸದ ಮನೆಗಳು ಒಂದರ ಬೆನ್ನಿಗೊಂದು ಹತ್ತಿಕೊಂಡು ಬರುವ ಇಂಥ ಪ್ರದೇಶವನ್ನು ಹಳ್ಳಿಯೆನ್ನುವುದೂ ಕಷ್ಟ, ಪಟ್ಟಣವೆನ್ನುವುದೂ ಕಷ್ಟ.

ಇನ್ನು ನೀರಿನ ವಿಷಯ. ಮೈಸೂರು ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ದಕ್ಷಿಣ ಕನ್ನಡದಲ್ಲಿ ಬೀಳುವುದು 4,000 ಮಿಲಿಮೀಟರಿಗೆ ಸಮೀಪ. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಬಿದ್ದುಹೋಗುತ್ತದೆ. ಘಟ್ಟ ಕಡಿದಾಗಿದೆ, ಕಡಲು ಹತ್ತಿರದಲ್ಲಿದೆ. ಆದುದರಿಂದ ಇಲ್ಲಿನ ಹೊಳೆಗಳ ಓಟ ಗಿಡ್ಡ, ವೇಗ ಹೆಚ್ಚು. ಕಾವೇರಿಯಲ್ಲಿ ಕೊಡಗಿನ ಪ್ರವಾಹವು ಬಯಲುಸೀಮೆಯನ್ನು ಮುಟ್ಟುವುದಕ್ಕೆ ಸ್ವಲ್ಪ ಕಾಲಾವಕಾಶವುಂಟು. ಇಲ್ಲಿ ಆ ಅವಕಾಶ ಬಹಳ ಕಡಮೆ.

ಎರಡು ನದಿಗಳು ಕೂಡುವ ಸ್ಥಳದಲ್ಲಿ ಇನ್ನೊಂದು ವಿಶೇಷವುಂಟು. ಕುಮಾರಧಾರೆಯ ಮೇಲ್ಭಾಗದಲ್ಲಿ ಮಾತ್ರ ಮಳೆ ಹೆಚ್ಚಾದರೆ, ಏರಿದ ಕುಮಾರಧಾರೆಯು ನೇತ್ರಾವತಿಯ ಬಾಯಿಗೆ ಅಡ್ಡನಿಂತಂತಾಗಿ ಅದರ ನೀರು ಹಿಂದಕ್ಕೆ ಒತ್ತರಿಸುತ್ತದೆ. ನೇತ್ರಾವತಿ ಮಾತ್ರ ಏರಿದರೆ ಕುಮಾರಧಾರೆಗೆ ಅದೇ ಗತಿ. ಎರಡೂ ಒಮ್ಮೆಗೆ ಏರಿದರೆ, ಎಂದಿನಂತೆ ದೇವಾಲಯದ ಕೆಳಗೆ ಕೂಡಬೇಕಾದ ನೀರು ದಂಡೆಯನ್ನು ಮೀರಿ ಬಂದು ದೇವಾಲಯದ ಎದುರಿನ ಅಂಗಳದಲ್ಲಿಯೇ ಕೂಡುತ್ತದೆ. ಇದನ್ನು ಜನರು ಸಂಗಮವೆನ್ನುತ್ತಾರೆ. ಆ ಹೊತ್ತಿಗೆ ಗಂಗಾಪೂಜೆ ನಡೆಯುತ್ತದೆ; ನೋಡಲು ಜನ ನೆರೆಯುತ್ತಾರೆ. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ಅದೇ ಸ್ಥಳದ ಮರಳನ್ನು ತೆಗೆದು ಹೊಳೆಯೊಳಗಿನ ಲಿಂಗಕ್ಕೆ ಪೂಜೆ ಸಲ್ಲಿಸುತ್ತಾರೆ, ಮಖೆಯ ಜಾತ್ರೆ ನಡೆಸುತ್ತಾರೆ. ಹೊಳೆಗೆ ಒಂದು ಕಾಲದಲ್ಲಿ ಅಂಗಳವನ್ನು ಬಿಟ್ಟುಕೊಟ್ಟು, ಇನ್ನೊಂದು ಕಾಲದಲ್ಲಿ ಹೊಳೆಯ ಪಾತ್ರವನ್ನೇ ಅಂಗಳವನ್ನಾಗಿ ಮಾಡಿಕೊಳ್ಳುವ ಈ ಪದ್ಧತಿಯಲ್ಲಿ ಭಕ್ತಿಯ ಜೊತೆಗೆ ಲೋಕಾನುಭವವೂ ಅಡಗಿದೆ.

ಆದರೆ ನೆರೆಯು ಎಲ್ಲ ಸಲವೂ ಅಂಗಳದಲ್ಲಿ ನಿಂತು ಮರಳುವುದಿಲ್ಲ. 1923ರ ಆಗಸ್ಟಿನಲ್ಲಿ ಬಂದ ನೆರೆ ನೇತ್ರಾವತಿಯ ದಂಡೆಯ ಬಂಟ್ವಾಳ ಮೊದಲಾದ ಪೇಟೆಗಳನ್ನು ಮುಳುಗಿಸಿತು. ಅದರ ಮರುವರ್ಷವೇ, 1924ರ ಜುಲೈಯಲ್ಲಿ, ಕಾವೇರಿಯೂ ಉಕ್ಕಿದ್ದನ್ನು ಮೈಸೂರಿನವರು ಮರೆತಿಲ್ಲ. 1974ರ ಜುಲೈಯಲ್ಲಿ ನೇತ್ರಾವತಿ ಮತ್ತೆ ಅದೇ ಬಗೆಯಲ್ಲಿ ಏರಿತು. ತುಳುವಿನಲ್ಲಿ ನೆರೆಗೆ ಬೊಳ್ಳ ಎಂದು ಹೆಸರು; ಇಂಥ ಮಹಾ ನೆರೆಗೆ ಮಾರಿಬೊಳ್ಳ ಎನ್ನುತ್ತಾರೆ. ರೋಗವನ್ನೂ ಸಾವನ್ನೂ ತರುವ ದೇವತೆಯ ಹೆಸರನ್ನು ನೀರಿಗೆ ಕೊಟ್ಟದ್ದರಿಂದಲೇ ಜನರ ಭಯ ಎಷ್ಟಿತ್ತೆಂದು ತಿಳಿಯಬಹುದು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿಯೂ ಮಳೆ ಮಿತಿಮೀರಿ ಹೊಳೆಗಳು ದಂಡೆಯನ್ನು ಬಿಟ್ಟು ಹರಿದುವು. ಈಗ ಮಳೆಗಾಲದ ಪತ್ರಿಕೆಗಳಲ್ಲಿ ನದಿಯ ಮಟ್ಟವನ್ನು ದಿನವೂ ಅಚ್ಚುಮಾಡುತ್ತಾರೆ. ಉಪ್ಪಿನಂಗಡಿಯಲ್ಲಿ ಅಪಾಯದ ಮಟ್ಟ 31.5 ಮೀಟರು, ಬಂಟ್ವಾಳದಲ್ಲಿ 8.5 ಮೀಟರು. ಇದನ್ನು ಓದಿ ಉಪ್ಪಿನಂಗಡಿಯಲ್ಲಿ ಹೊಳೆ 31 ಮೀಟರು ಆಳವೆಂದು ಯಾರೂ ಭಾವಿಸಬಾರದು. ಅದು ನೀರಿನ ಆಳವಲ್ಲ. ನಿಯತವಾದ ಒಂದು ಆಧಾರಮಟ್ಟದಿಂದ ಎಣಿಸಿದ ನೀರಿನ ಮೇಲ್ಮೈಯ ಎತ್ತರ. ಬೆಳಗ್ಗೆ 28 ಇದ್ದದ್ದು ಮಧ್ಯಾಹ್ನಕ್ಕೆ 30 ಆಯಿತೆಂದರೆ, ತಗ್ಗಿನ ಅಂಗಡಿಯವನು ಸರಕನ್ನು ಅಟ್ಟಕ್ಕೇರಿಸಲು ಅಷ್ಟು ತಿಳಿದರೆ ಸಾಕು.

ಹಿಂದಿನವರಿಗೆ ಈ ಅಂಕಿಗಳು ಇರಲಿಲ್ಲ. ಅವರಿಗೆ ಇದ್ದದ್ದು ನೆಲದ ಜ್ಞಾನ. ಈ ಜಿಲ್ಲೆಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುವರು. ಎಲ್ಲಕ್ಕಿಂತ ತಗ್ಗಿನಲ್ಲಿದ್ದು, ತೋಡಿನ ನೀರು ಬಹುಕಾಲ ನಿಲ್ಲುವುದು ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ನಡುವಣದು ಮಜಲು, ಅಲ್ಲಿ ಎರಡು. ಮಳೆಯನ್ನೇ ನಂಬಿದ ಮೇಲಣ ಗದ್ದೆ ಬೆಟ್ಟು, ಅಲ್ಲಿ ಒಂದೇ. ಕಂದಾಯದ ಲೆಕ್ಕಕ್ಕೆ ಬಂದ ಈ ವಿಂಗಡಣೆ ವಾಸ್ತವದಲ್ಲಿ ನೀರಿನ ನಕ್ಷೆ. ಮನೆಯನ್ನು ಯಾರೂ ಬೈಲಿನಲ್ಲಿ ಕಟ್ಟುತ್ತಿರಲಿಲ್ಲ; ಗದ್ದೆಯ ಮೇಲ್ಗಡೆ, ಗುಡ್ಡದ ಮಗ್ಗುಲಲ್ಲಿ ಕಟ್ಟುತ್ತಿದ್ದರು. ನೆರೆಯ ದಿನ ಬೈಲು ತಾನು ಮುಳುಗಿ ಮನೆಯನ್ನು ಉಳಿಸುತ್ತಿದ್ದಿತು. ಹೊಳೆಗೆ ಹರಡಿಕೊಳ್ಳಲು ಅಷ್ಟು ಜಾಗ ದೊರೆತು ಅದರ ರಭಸವೂ ಇಳಿಯುತ್ತಿದ್ದಿತು.

ಪೇಟೆ ಬೆಳೆಯುವಾಗ ಈ ನಕ್ಷೆ ಮರೆತುಹೋಗುತ್ತದೆ. ಅದಕ್ಕೆ ಕಾರಣವೂ ಉಂಟು. ಭತ್ತದ ಬೇಸಾಯದಲ್ಲಿ ಲಾಭವಿಲ್ಲದಾಯಿತು. ಗದ್ದೆಗಳು ಅಡಕೆಯ ತೋಟಗಳಾದುವು, ಇಲ್ಲವೆ ಪಾಳುಬಿದ್ದುವು. ಸಮತಟ್ಟಾದ ನೆಲ ಈ ಗುಡ್ಡಗಾಡಿನಲ್ಲಿ ದುರ್ಲಭ. ರಸ್ತೆಯ ಮಗ್ಗುಲ ಬೈಲು ಮಾತ್ರ ಸಮತಟ್ಟು. ಗುಡ್ಡದ ಮಣ್ಣನ್ನು ತಂದು ಸುರಿದರೆ ಅದು ಕಟ್ಟಡದ ನಿವೇಶನವಾಗುತ್ತದೆ. ಹೊಸದಾಗಿ ಪೇಟೆಗೆ ಬಂದು ನೆಲೆಸುವವರಿಗೆ ಗುಡ್ಡದ ಮೇಲೆ ಪಿತ್ರಾರ್ಜಿತ ಜಮೀನಿಲ್ಲ. ಸಿಕ್ಕಿದ ಕಡೆ ಕೊಳ್ಳಬೇಕು. ಅವರನ್ನು ತಪ್ಪಿತಸ್ಥರೆನ್ನುವುದು ನ್ಯಾಯವಲ್ಲ. ಆದರೆ ಒಂದೊಂದು ಬೈಲನ್ನು ತುಂಬಿದಾಗಲೂ ಅಲ್ಲಿ ಹರಡಬೇಕಾಗಿದ್ದ ನೀರು ನೆರೆಯವನ ಅಂಗಳವನ್ನು ಹುಡುಕಿಕೊಂಡು ಹೋಗುತ್ತದೆ. ಹೆದ್ದಾರಿಯನ್ನು ಅಗಲಿಸುವಾಗಲೂ ಇದೇ ಮಾತು: ಎತ್ತರಿಸಿದ ರಸ್ತೆ ಅದರ ಕೆಳಗಣ ಮೋರಿಗಳು ಸಾಲದಿದ್ದರೆ ಒಡ್ಡಿನಂತಾಗುತ್ತದೆ.

ನಾಲ್ಕು ತಿಂಗಳ ಕಥೆ ಹೀಗಾದರೆ, ಉಳಿದ ತಿಂಗಳುಗಳ ಕಥೆ ಇದಕ್ಕೆ ತೀರ ವಿರುದ್ಧ. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಾವಿಗಳು ಬತ್ತುತ್ತವೆಂದರೆ ಹೊರಗಿನವರಿಗೆ ಆಶ್ಚರ್ಯ. ಇಲ್ಲಿನ ಗುಡ್ಡಗಳು ಮುರಕಲ್ಲಿನವು. ತೂತುತೂತಾದ ಈ ಕೆಂಪು ಕಲ್ಲು ನೀರನ್ನು ಬೇಗ ಹೀರುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಹೀಗಾಗಿ ಮಳೆಗಾಲದ ನೀರು ಕೆಲವೇ ತಿಂಗಳುಗಳಲ್ಲಿ ಒರತೆಯಾಗಿ ಹೊರಟು ತೋಡನ್ನೂ ಹೊಳೆಯನ್ನೂ ಸೇರಿ ಕಡಲಿಗೆ ಹೋಗುತ್ತದೆ. ಹಿರಿಯರು ಇದಕ್ಕೆ ಹಲವು ಉಪಾಯಗಳನ್ನು ಮಾಡಿದ್ದರು. ಗುಡ್ಡದ ಮೇಲೆ ನೀರು ಇಂಗಲೆಂದು ಮದಕಗಳನ್ನು ತೋಡಿದರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ಒರತೆಯ ನೀರನ್ನು ತೋಟಕ್ಕೆ ಹರಿಸಿದರು. ಕಾಸರಗೋಡು, ಬಂಟ್ವಾಳ, ಪುತ್ತೂರುಗಳ ಸೀಮೆಯಲ್ಲಿ ಇಂಥ ಸುರಂಗಗಳು ಇಂದಿಗೂ ಉಂಟು. ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ತೋಡಿಗೆ ಕಲ್ಲು, ಮಣ್ಣು, ಅಡಕೆ ಮರ, ಸೊಪ್ಪುಗಳಿಂದ ಕಟ್ಟ ಕಟ್ಟುತ್ತಿದ್ದರು. ಬೇಸಗೆಯೆಲ್ಲ ಅದು ನೀರನ್ನು ತಡೆದು ನಿಲ್ಲಿಸುವುದು. ಮುಂದಿನ ಮಳೆಗೆ ಕೊಚ್ಚಿಹೋಗುವುದು.

ಇಂದಿನ ಕಿಂಡಿ ಅಣೆಕಟ್ಟು ಈ ಕಟ್ಟದ ಕಾಂಕ್ರೀಟಿನ ರೂಪ. ಹೊಳೆಗೆ ಅಡ್ಡಲಾಗಿ ಕಂಬಗಳ ಸಾಲು. ಕಂಬಗಳ ನಡುವೆ ಕಿಂಡಿ. ಮಳೆಗಾಲದಲ್ಲಿ ಕಿಂಡಿಗಳು ತೆರೆದಿದ್ದು ಪ್ರವಾಹ ಸರಾಗವಾಗಿ ಹಾದುಹೋಗುತ್ತದೆ. ಮಳೆ ನಿಂತು ಹರಿವು ಇಳಿದ ಮೇಲೆ ಹಲಗೆಗಳನ್ನಿಳಿಸಿ ಕಿಂಡಿಯನ್ನು ಮುಚ್ಚುತ್ತಾರೆ. ಮೇಲೆ ನೀರು ನಿಲ್ಲುತ್ತದೆ. ಕನ್ನಂಬಾಡಿಯ ಕಟ್ಟೆಯನ್ನು ಕಂಡವರು ಇದನ್ನು ಅದರೊಡನೆ ಹೋಲಿಸಬಾರದು. ಕನ್ನಂಬಾಡಿಯು ಮಳೆಗಾಲದ ನೀರನ್ನೇ ಸುಮಾರು 49 ಟಿ.ಎಂ.ಸಿ.ಯಷ್ಟು ಹಿಡಿದಿಟ್ಟು ವರ್ಷವೆಲ್ಲ ಹಂಚುವ ಕಣಜ. ಕಿಂಡಿ ಅಣೆಕಟ್ಟು ಮಳೆಗಾಲದ ಸಂಪತ್ತನ್ನು ಮುಟ್ಟುವುದೇ ಇಲ್ಲ. ಅದು ಕೂಡಿಸುವುದು ಚಳಿಗಾಲದ ತೆಳು ಹರಿವನ್ನು. ಆದರೂ ಅದರ ಮೇಲೆ ಆಧರಿಸಿರುವ ಜನರೇನು ಕಡಮೆಯಲ್ಲ. ಉಪ್ಪಿನಂಗಡಿಯ ಎದುರುದಂಡೆಯ ನೆಕ್ಕಿಲಾಡಿಯಲ್ಲಿ ಕುಮಾರಧಾರೆಗೆ ಕಟ್ಟಿದ ಅಣೆಕಟ್ಟಿನಿಂದಲೇ ಪುತ್ತೂರು ನಗರಕ್ಕೆ ಕುಡಿಯುವ ನೀರು ಏರಿಹೋಗುತ್ತದೆ. ಇನ್ನೂ ಕೆಳಗೆ ತುಂಬೆಯ ಅಣೆಕಟ್ಟಿನಿಂದ ಮಂಗಳೂರು ನಗರಕ್ಕೆ ದಿನಕ್ಕೆ ಸುಮಾರು 16 ಕೋಟಿ ಲೀಟರು ನೀರು ಹೋಗುತ್ತದೆ. 2016, 2019, 2023ರ ಬೇಸಗೆಗಳಲ್ಲಿ ಅಲ್ಲಿ ನೀರು ಸಾಲದೆ ಮಂಗಳೂರಿನವರು ಸರದಿಯ ಮೇಲೆ ನೀರು ಪಡೆಯಬೇಕಾಯಿತು.

ನನ್ನ ಮುಖ್ಯವಾದ ಮಾತು ಇರುವುದು ಇಲ್ಲಿ. ಅಣೆಕಟ್ಟುಗಳಾದ ಮೇಲೆ ನೇತ್ರಾವತಿಯು ಬೇಸಗೆಯಲ್ಲಿ ಹರಿಯುವ ಹೊಳೆಯಾಗಿ ಉಳಿದಿಲ್ಲ. ಒಂದರ ಕೆಳಗೊಂದು ನಿಂತ ಕೊಳಗಳ ಸಾಲಾಗಿದೆ. ಹರಿಯುವ ಹೊಳೆ ತನ್ನ ಕೊಳೆಯನ್ನು ತಾನು ಸ್ವಲ್ಪಮಟ್ಟಿಗೆ ತೊಳೆದುಕೊಳ್ಳುತ್ತದೆ. ನಿಂತ ನೀರಿಗೆ ಆ ಶಕ್ತಿ ಕಡಮೆ. ಜನವರಿಯಲ್ಲಿ ಅದಕ್ಕೆ ಬಿದ್ದದ್ದರಲ್ಲಿ ಬಹುಭಾಗ ಜೂನಿನ ಮಳೆ ಬರುವವರೆಗೂ ಅಲ್ಲಿಯೇ ಇರುತ್ತದೆ. ಆ ನೀರಿನ ದಂಡೆಯ ಮೇಲೆ ಬೆಳೆಯುತ್ತಿರುವ ಪೇಟೆಯಲ್ಲಿ ಹೋಟೆಲುಗಳು, ವಸತಿಗೃಹಗಳು, ಮೀನು ಮಾಂಸದ ಅಂಗಡಿಗಳು, ಮಾಳಿಗೆಯ ಮೇಲೆ ಮಾಳಿಗೆಯೇರಿದ ಕಟ್ಟಡಗಳು ಆಗುತ್ತಿವೆ. ಉಪ್ಪಿನಂಗಡಿಯು ದೀರ್ಘಕಾಲ ಗ್ರಾಮ ಪಂಚಾಯತಿಯ ಆಡಳಿತದಲ್ಲಿಯೇ ನಡೆದುಬಂದ ಊರು. ಹಳ್ಳಿಯ ವರಮಾನದಲ್ಲಿ ಪಟ್ಟಣದ ಚರಂಡಿ ಮಾಡುವುದು ಹೇಗೆ? ಮಾಡದಿದ್ದರೆ ಬಚ್ಚಲ ನೀರು ಮಳೆನೀರಿನ ಚರಂಡಿಯನ್ನೂ, ಆ ಚರಂಡಿಯು ತೋಡನ್ನೂ, ತೋಡು ಹೊಳೆಯನ್ನೂ ಸೇರುವುದು ಇಳಿಜಾರಿನ ನಿಯಮ.

ಪ್ರತಿ ಮನೆಗೂ ಗುಂಡಿಯುಂಟಲ್ಲ, ಮುರಕಲ್ಲು ಸೋಸಿ ಬಿಡುವುದಲ್ಲ ಎಂದು ಕೆಲವರು ಕೇಳಬಹುದು. ಎಕರೆಗೊಂದು ಮನೆಯಿದ್ದ ಕಾಲಕ್ಕೆ ಆ ಮಾತು ಸರಿ. ತೋಟದ ಮಧ್ಯದಲ್ಲಿ ಬಾವಿ ಒಂದು ಮೂಲೆಗೆ, ಗುಂಡಿ ಇನ್ನೊಂದು ಮೂಲೆಗೆ ಇದ್ದಾಗ ನಡುವಣ ಮಣ್ಣು ಸೋಸುವ ಕೆಲಸವನ್ನು ಮಾಡುತ್ತಿದ್ದಿತು. ಹತ್ತು ಸೆಂಟ್ಸಿಗೊಂದು ಮನೆಯಾದಾಗ ಒಬ್ಬನ ಗುಂಡಿ ಇನ್ನೊಬ್ಬನ ಬಾವಿಗೆ ನೆರೆಯಾಗುತ್ತದೆ. ಮುರಕಲ್ಲಿನ ದೊಡ್ಡ ತೂತುಗಳು ನೀರನ್ನು ಸೋಸುವುದಕ್ಕಿಂತ ಹೆಚ್ಚಾಗಿ ಸಾಗಿಸುತ್ತವೆ. ನೆಲದೊಳಗಣ ನೀರಿನ ಮಟ್ಟವು ಮಳೆಗಾಲದಲ್ಲಿ ಮೇಲೇರಿ ಗುಂಡಿಯ ತಳವನ್ನೇ ಮುಟ್ಟುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ನಗರಗಳಂತೆ ನೆಲದೊಳಗಿನ ಚರಂಡಿಯನ್ನು ಗುಡ್ಡ ತಗ್ಗುಗಳ ಈ ಸೀಮೆಯಲ್ಲಿ ಹಾಕುವುದು ಬಹು ವೆಚ್ಚದ ಕೆಲಸ. ಅದಕ್ಕಿಂತ ಹಗುರವಾದ ದಾರಿಯೊಂದು ಕನ್ನಡ ನಾಡಿನಲ್ಲಿಯೇ ಪರೀಕ್ಷೆಯಾಗಿದೆ. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಗುಂಡಿಗಳ ಮಲಿನವನ್ನು ವಾಹನದಲ್ಲಿ ತುಂಬಿ ಒಂದೆಡೆಗೆ ತಂದು ಶುದ್ಧಿಮಾಡಿ, ಒಣಗಿಸಿ, ಗೊಬ್ಬರವನ್ನಾಗಿ ಮಾಡುವ ಕೇಂದ್ರವೊಂದು ಆಯಿತು. ನೆಲದೊಳಗಿನ ಚರಂಡಿಯಿಲ್ಲದ ಸಣ್ಣ ಪಟ್ಟಣಕ್ಕೆ ಇದು ಒಪ್ಪುವ ಏರ್ಪಾಟು. ಅಡಕೆಯ ತೋಟಗಳು ಸುತ್ತಲೂ ಇರುವ ಕಡೆ ಗೊಬ್ಬರಕ್ಕೆ ಗಿರಾಕಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೋಟೆಲು, ವಸತಿಗೃಹಗಳ ಬಚ್ಚಲ ನೀರನ್ನು ಕಟ್ಟಡದಲ್ಲಿಯೇ ಸೋಸಿ ಬಿಡಬೇಕೆಂಬ ಕಟ್ಟುಪಾಡನ್ನು ಮಾಳಿಗೆ ಏಳುವುದಕ್ಕೆ ಮೊದಲೇ ಹಾಕಬೇಕು. ಎದ್ದ ಮೇಲೆ ಹಾಕಿದರೆ ಅದು ಕಾಗದದಲ್ಲಿ ಉಳಿಯುತ್ತದೆ.

ಎರಡನೆಯದು, ಬೈಲನ್ನು ಹೊಳೆಯ ಅಂಗವೆಂದು ಎಣಿಸುವುದು. 1923ರಲ್ಲಿ, 1974ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಹಿರಿಯರಿಂದ ಕೇಳಿದ ಮನೆತನಗಳು ಇನ್ನೂ ಉಂಟು. ಆ ಗೆರೆಯನ್ನು ಶಾಲೆಯ ಗೋಡೆಯ ಮೇಲೆ, ಸೇತುವೆಯ ಕಂಬದ ಮೇಲೆ ಬಣ್ಣದಿಂದ ಬರೆದಿಟ್ಟರೆ ನಿವೇಶನ ಕೊಳ್ಳುವವನು ಕಣ್ಣಾರೆ ನೋಡಿ ಕೊಳ್ಳುವನು. ಅದಕ್ಕೆ ದೊಡ್ಡ ಖರ್ಚಿಲ್ಲ.

ಮೂರನೆಯದು ಹಣದ ಮಾತು. ಚರಂಡಿಯಿಂದ ಉಪ್ಪಿನಂಗಡಿಗೆ ಆರೋಗ್ಯವುಂಟು, ನಿಜ. ಆದರೆ ಅದರಿಂದ ಇನ್ನೂ ಹೆಚ್ಚು ಜನರಿಗೆ ಲಾಭವಾಗುವುದು ಕೆಳಗೆ, ತುಂಬೆಯ ನೀರು ಕುಡಿಯುವ ಮಂಗಳೂರಿನಲ್ಲಿ. ಹಾಗೆಯೇ ಕೊಯಿಲ, ರಾಮಕುಂಜ, ಆಲಂಕಾರುಗಳವರು ಕುಮಾರಧಾರೆಯನ್ನು ಶುದ್ಧವಾಗಿ ಇಟ್ಟುಕೊಂಡರೆ ಫಲ ಸಿಕ್ಕುವುದು ಪುತ್ತೂರಿನವರಿಗೆ. ಮೇಲಿನವರು ಖರ್ಚುಮಾಡಿ ಕೆಳಗಿನವರು ಸುಖಪಡುವ ಕೆಲಸವನ್ನು ಮೇಲಿನವರೊಬ್ಬರ ಮೇಲೆಯೇ ಹೊರಿಸಿದರೆ ಅದು ಆಗುವುದಿಲ್ಲ. ನಗರದವರು ನೀರಿಗೆ ಕೊಡುವ ತೆರಿಗೆಯಲ್ಲಿ ಒಂದು ಸಣ್ಣ ಪಾಲು ಹೊಳೆಯ ಮೇಲ್ಭಾಗದ ಪಂಚಾಯತಿಗಳ ಚರಂಡಿಗೆ ಸಲ್ಲುವುದು ನ್ಯಾಯ. ಹಳ್ಳಿಯ ಕಟ್ಟದ ಕೆಲಸಕ್ಕೆ ತೋಟವಿದ್ದವರೆಲ್ಲ ಆಳನ್ನೋ ಸಾಮಾನನ್ನೋ ಕಳುಹಿಸುತ್ತಿದ್ದರು. ನೀರು ಯಾರ ತೋಟಕ್ಕೆ ಏರುವುದೋ ಅವನ ಪಾಲೂ ಅದರಲ್ಲಿರುತ್ತಿದ್ದಿತು. ಅದೇ ನೀತಿಯನ್ನು ಕಾಂಕ್ರೀಟಿನ ಅಣೆಕಟ್ಟಿಗೂ ಅನ್ವಯಿಸಬೇಕೆಂದಷ್ಟೆ ಕೇಳಿಕೊಳ್ಳುವುದು.

ಇಂಥ ಪೇಟೆಗಳು ಕನ್ನಡ ನಾಡಿನ ಬೇರೆ ನದಿಗಳ ದಂಡೆಯಲ್ಲಿಯೂ ಉಂಟು; ತುಂಗೆಯ ಮೇಲೆ ಶಿವಮೊಗ್ಗ, ಕಪಿಲೆಯ ಮೇಲೆ ನಂಜನಗೂಡು, ತುಂಗಭದ್ರೆಯ ಮೇಲೆ ಹರಿಹರ. ಅವೆಲ್ಲವೂ ಒಂದು ಕಾಲಕ್ಕೆ ಇಷ್ಟೇ ಸಣ್ಣವಾಗಿದ್ದುವು. ದೊಡ್ಡದಾದ ಮೇಲೆ ಚರಂಡಿಯನ್ನು ಹುಡುಕುವ ಕಷ್ಟವನ್ನು ಆ ಊರುಗಳವರು ಬಲ್ಲರು. ಉಪ್ಪಿನಂಗಡಿಗೂ ಕೊಯಿಲಕ್ಕೂ ಇನ್ನೂ ಕಾಲ ಮಿಂಚಿಲ್ಲ. ಬೈಲುಗಳಲ್ಲಿ ಕೆಲವಾದರೂ ಉಳಿದಿವೆ; ಹೊಳೆಯಲ್ಲಿ ಈಗಲೂ ಮೀಯಬಹುದು. ಮುಂದಿನ ಸೇತುವೆಗೆ ತೋರುವ ಉತ್ಸಾಹದಲ್ಲಿ ಅರ್ಧವನ್ನು ಮುಂದಿನ ಚರಂಡಿಗೂ ತೋರಿದರೆ, ಎರಡು ಹೊಳೆಗಳ ನಡುವಣ ಈ ನೆಲ ತಾನೂ ಸುಖವಾಗಿದ್ದು ಕೆಳಗಿನವರಿಗೂ ಒಳ್ಳೆಯ ನೀರನ್ನು ಕಳುಹಿಸಿಕೊಟ್ಟೀತು.